ಏಳು ಗಂಟೆಯ ಬಲೂನು

ಬೆಳಗಿನ ಏಳು. ನಕ್ಷತ್ರಗಳಿನ್ನೂ ಹೋಗಿಲ್ಲ.
ಉಲಾನ್‌ಗೋಮ್‌ನ ಅಂಗಳದಲ್ಲಿ ಸೊನ್ನೆಗಿಂತ ನಲವತ್ತೊಂದು ಕೆಳಗೆ.
ರೆಪ್ಪೆಗೆ ರೆಪ್ಪೆ ಅಂಟುತ್ತದೆ,
ಬಾಯಿಂದ ಹೊರಟ ಉಸಿರು ಹಿಟ್ಟಾಗಿ ಉದುರುತ್ತದೆ.
ಜಲಜನಕ ಕುಡಿದ ಬಲೂನು
ಕಟ್ಟಿದ ಕರುವಿನಂತೆ ದಾರ ಜಗ್ಗುತ್ತದೆ.
ಬಾಲಕ್ಕೆ ಅಂಗೈಯಗಲದ ಪೆಟ್ಟಿಗೆ:
ಚಳಿ ಅಳೆಯುವ ತಂತಿ, ತೇವ ನೆಕ್ಕುವ ನಾಲಿಗೆ,
ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಕೂಗುವ ಗಂಟಲು.

ಬಿಟ್ಟೆ.

ಇದೇ ಹೊತ್ತಿಗೆ ಭೂಮಿಯ ಮೇಲೆ ನೂರಾರು ಕೈಗಳು ಬಿಡುತ್ತವೆ,
ಎಲ್ಲೋ ನಡುರಾತ್ರಿ, ಎಲ್ಲೋ ನಡುಹಗಲು.
ಅವರಾರೂ ನನಗೆ ಗೊತ್ತಿಲ್ಲ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳಲು
ನಮಗೆಲ್ಲ ತಿಂಗಳ ಸಂಬಳ.

ಒಳಗೆ ಒಲೆಯ ಬಳಿ ಗೊಂಬೊಜಾವ್ ಕೂತಿದ್ದ.
ಹಿಟ್ಟು ಕೊಳ್ಳಲು ಪೇಟೆಗೆ ಬಂದವನು
ಉಣ್ಣೆಬಟ್ಟೆಯ ಗಂಟು ಬಿಚ್ಚಿ ಮುಂದಿಟ್ಟ:
ಹೋದ ತಿಂಗಳ ನನ್ನ ಪೆಟ್ಟಿಗೆ.
"ನಿನ್ನದೇ ತಾನೆ, ದುಲ್ಮಾ? ದಾರ ನನ್ನ ಆಡು ತಿಂದಿತು.
ಇದನ್ನು ಮೂಸಿ ನೋಡಿ ಬಿಟ್ಟಿತು.
ಅಲ್ಲ, ಹುಲ್ಲಿಲ್ಲದ ಕಡೆಗೆ ದಿನಾ ಯಾಕೆ ಅಟ್ಟುತ್ತೀ?"

ಚಹಾದ ಹಾಲು ಕಾಯುತ್ತಿತ್ತು. ತೋರಿಸಿದೆ.
ಈ ಬಾಣಲೆಯ ಕೆನೆ ನೋಡು,
ಭೂಮಿಯ ಲೆಕ್ಕದಲ್ಲಿ ಅದಕ್ಕಿಂತ ತೆಳು
ಮಳೆ, ಹಿಮ, ಸಿಡಿಲೆಲ್ಲ ಸಂಸಾರ ಹೂಡಿದ ಗಾಳಿ.
ಬಿಸಿಲು ನೇರ ಅದನ್ನು ಕಾಯಿಸುವುದು ಕಡಿಮೆ;
ಬಿಸಿಲು ನೆಲವನ್ನು, ನೆಲ ಗಾಳಿಯನ್ನು,
ಒಲೆ ಬಾಣಲೆಯನ್ನು, ಬಾಣಲೆ ಹಾಲನ್ನು.
ಕಾದದ್ದು ಹಗುರ, ಏರುತ್ತದೆ.
ಏರಿದಷ್ಟೂ ತಲೆಯ ಮೇಲಿನ ಹೊರೆ ಕಡಿಮೆ,
ಕೈಕಾಲು ಚಾಚುತ್ತದೆ,
ಚಾಚಿದ ದಣಿವಿಗೇ ತಣ್ಣಗಾಗುತ್ತದೆ.
ಆಗ ಅದರೊಳಗಿನ ಆವಿ
ಧೂಳಿನ ಕಣ ಸಿಕ್ಕಲ್ಲಿ ಕೂತುಬಿಡುತ್ತದೆ.
ನಾವು ಅದನ್ನು ಮೋಡ ಅನ್ನುತ್ತೇವೆ.

"ಅಂದರೆ ಮೇಲೆ ಹೋದಂತೆ ಚಳಿ" ಅಂದ ಅವನು.
ಹೌದು ಅಂದೆ. ಪರದೆಯ ಕಡೆ ತಿರುಗಿದೆ.
ನಲವತ್ತೊಂದು. ಮೂವತ್ತಾರು. ಇಪ್ಪತ್ತೊಂಬತ್ತು. ಇಪ್ಪತ್ತನಾಲ್ಕು.
ಬಲೂನು ಏರುತ್ತಿದೆ, ಚಳಿ ಇಳಿಯುತ್ತಿದೆ.
ನನ್ನ ಮಾತು ಮುಗಿಯುವ ಮೊದಲೇ ಸುಳ್ಳಾಗಿತ್ತು.

ಚಳಿಗಾಲದಲ್ಲಿ ಹಾಗೆಯೇ, ಎಂದು ತೊದಲಿದೆ.
ಉದ್ದ ರಾತ್ರಿಯಿಡೀ ನೆಲ ತನ್ನ ಬಿಸಿಯನ್ನು
ನಕ್ಷತ್ರಗಳಿಗೆ ದಾನ ಮಾಡಿ ಬರಿಗೈಯಾಗುತ್ತದೆ;
ಭಾರವಾದ ಚಳಿ ಗುಡ್ಡ ಇಳಿದು ಬಂದು
ಕೆರೆಯಂತೆ ಕಣಿವೆಯಲ್ಲಿ ನಿಲ್ಲುತ್ತದೆ.
ಕಿಟಕಿಯಾಚೆ ಊರ ಚಿಮಣಿಗಳ ಹೊಗೆ
ನೆಟ್ಟಗೆ ಎದ್ದು, ಕಾಣದ ಅಟ್ಟಕ್ಕೆ ತಲೆ ತಾಗಿ,
ಅಡ್ಡಡ್ಡ ಹರಡಿತ್ತು.

ಗೊಂಬೊಜಾವ್ ಬೋಗುಣಿ ಕೆಳಗಿಟ್ಟು ನಕ್ಕ.
"ನಮ್ಮಜ್ಜ ಚಳಿಗಾಲದ ದೊಡ್ಡಿಯನ್ನು
ಬೆಟ್ಟದ ನಡುಹೊಟ್ಟೆಯಲ್ಲೇ ಕಟ್ಟಿದ.
ಕೆಳಗೆ ಕುರಿ ನಿಂತಲ್ಲೇ ಕಲ್ಲಾಗುತ್ತದೆ,
ತುದಿಯಲ್ಲಿ ಗಾಳಿ ಚರ್ಮ ಸುಲಿಯುತ್ತದೆ.
ಇಷ್ಟು ತಿಳಿಯಲು ಇಷ್ಟೆತ್ತರ ಹೋಗಬೇಕಿತ್ತೇ?"

ಉತ್ತರ ಹೊಳೆಯಲಿಲ್ಲ.
"ಹಿಮ ಯಾವಾಗ?" ಅದನ್ನಾದರೂ ಹೇಳು ಎಂಬಂತೆ ಕೇಳಿದ.
ಉತ್ತರದಲ್ಲಿ ಭಾರದ ಗಾಳಿ ಮಲಗಿದೆ,
ತಿಂದು ಮೆಲುಕು ಹಾಕುವ ಒಂಟೆಯ ಹಾಗೆ.
ಅದು ಏಳುವವರೆಗೆ ನಿರ್ಮಲ ಆಕಾಶ, ಕಡುಚಳಿ.
ಎದ್ದರೆ ಹಗುರ ಇರುವ ಕಡೆಗೆ ಹರಿಯುತ್ತದೆ,
ನೆಟ್ಟಗಲ್ಲ; ಕಾಲಡಿಯ ಭೂಮಿ ತಿರುಗುತ್ತಿರುವುದರಿಂದ
ಬಲಕ್ಕೆ ವಾಲುತ್ತ, ವಾಲುತ್ತ.
ರಾಜಧಾನಿಯ ಯಂತ್ರ ನಾಲ್ಕು ದಿನ ಅನ್ನುತ್ತದೆ.
"ನನ್ನ ಕುದುರೆ ಐದು ಅನ್ನುತ್ತದೆ" ಎಂದು ಟೋಪಿ ಹಾಕಿಕೊಂಡ.

ಅವನು ಹೋಗಿ ಬಹಳ ಹೊತ್ತಿಗೆ,
ಮೂವತ್ತು ಕಿಲೋಮೀಟರ್ ಮೇಲೆ, ಹಗಲಲ್ಲೂ ಕಪ್ಪಾದ ಆಕಾಶದಲ್ಲಿ,
ಉಣ್ಣೆ ಗುಡಾರದಷ್ಟು ಉಬ್ಬಿದ ಬಲೂನು
ಒಡೆಯಿತು. ಅಂಕಿಗಳು ತಲೆಕೆಳಗಾಗಿ ಓಡತೊಡಗಿದವು.
ಮೇಲುಗಾಳಿ ಪೂರ್ವಕ್ಕೆ ಒಯ್ಯುತ್ತಿದೆ,
ಅವನ ದೊಡ್ಡಿ ಇರುವ ಕಡೆಗೆ.
ಆಡು ಕಾಯುತ್ತಿರಬಹುದು.

ದಾಖಲೆ ಪುಸ್ತಕದಲ್ಲಿ ಒತ್ತಡ ಬರೆದೆ, ತೇವ ಬರೆದೆ.
ಷರಾ ಎಂಬ ಕಡೆಯ ಮನೆಯಲ್ಲಿ ಪೆನ್ನು ನಿಂತಿತು.
ಅವನ ಅಜ್ಜನ ಹೆಸರು ಕೇಳಲು ಮರೆತಿದ್ದೆ.