ಲೈನ್

ಎಂಟನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ
ಮನೆ ಹೆಸರು ಅಂತ ಒಂದು ಕಲಂ.
ಅಮ್ಮತ್ತಿಯಲ್ಲಿ ಅದನ್ನು ತುಂಬುವುದೇನೂ ಕಷ್ಟವಲ್ಲ,
ಇಲ್ಲಿನ ಎಷ್ಟೋ ಮಕ್ಕಳು ತಮ್ಮ ಹೆಸರಿಗೂ ಮೊದಲು
ಒಕ್ಕದ ಹೆಸರು ಹೇಳಿ ಆಮೇಲೆ ಉಸಿರೆಳೆಯುತ್ತಾರೆ.
ಜುನ್‌ಮಣಿ ಎದ್ದಳು. ತೋಳಿಗೆ ಕಾಫಿ ಹಣ್ಣಿನ ಕರೆ.
"ಲೈನ್, ಮಿಸ್."
ಯಾವ ಲೈನ್?
"ಮೂರನೇ ಲೈನ್, ಐದನೇ ಬಾಗಿಲು."

ಬರೆದುಕೊಂಡೆ. ಪೆನ್ಸಿಲಿನಲ್ಲಿ.
ಮೂವತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ
ಎರಡನೇ ಲೈನ್, ಒಂದನೇ ಬಾಗಿಲು ಅಂದವಳು ನಾನು.
ತುದಿಯ ಮನೆ, ಅದೃಷ್ಟ:
ಒಂದೇ ಗೋಡೆಯಿಂದ ಕೆಮ್ಮು ಕೇಳುತ್ತಿತ್ತು.
ಐನ್‌ಮನೆಗೂ ಲೈನ್‌ಮನೆಗೂ
ಒಂದಕ್ಷರವಷ್ಟೇ ಹೆಚ್ಚುಕಮ್ಮಿ ಅಂತ ನಗುತ್ತಿದ್ದೆವು,
ಆ ಅಕ್ಷರದೊಳಗೆ ಎಷ್ಟು ಎಕರೆ ಅಂತ
ಅಳೆಯಲು ಹೋಗದೆ.

ಹುಡುಗಿ ಕೂರಲಿಲ್ಲ.
"ಪುಸ್ತಕದಲ್ಲಿ ಲೈನ್ ಅಂದ್ರೆ ಗೆರೆ, ಮಿಸ್.
ಪೌಲೋಸ್ ಚೇಟ ಕಂಬ ಹತ್ತಿ ಸರಿ ಮಾಡೋದೂ ಲೈನ್.
ರೇಷನ್ನಿಗೆ ನಿಲ್ಲೋದೂ ಲೈನ್.
ಬಸ್‌ಸ್ಟ್ಯಾಂಡಲ್ಲಿ ನಮ್ಮಣ್ಣ ಹೊಡೆಯೋದೂ..."
ಕ್ಲಾಸು ಗೊಳ್ಳೆಂದಿತು.
"ಯಾವುದು ಮೊದಲು ಹುಟ್ಟಿದ್ದು?"

ಹದಿನಾರು ವರ್ಷ ಇಂಗ್ಲಿಷ್ ಕಲಿಸಿದ ಬಾಯಿ
ನಾಳೆ ಅಂದಿತು.

ಸ್ಟಾಫ್‌ರೂಮಿನ ನಿಘಂಟಿನಲ್ಲಿ ಎ ಬಿ ಸಿ ಗೆದ್ದಲಿಗೆ.
ಎಲ್ ಉಳಿದಿತ್ತು.
ಲೈನ್: ಹುಟ್ಟು ನಾರಿನಿಂದ.
ಅಗಸೆ ಗಿಡವನ್ನು ನೆನೆಸಿ, ಬಡಿದು, ಹೊಸೆದ ದಾರ.
ಲ್ಯಾಟಿನ್ನಿನವರು ಅದನ್ನು ಬಿಗಿದು ಹಿಡಿದರು, ಗೆರೆಯಾಯಿತು;
ಉಳಿದದ್ದೆಲ್ಲ ಅದರ ಸಂತಾನ.
ಸಂತಾನವೂ ಲೈನೇ ಅಂತೆ, ಪುಟದ ಕೊನೆಯಲ್ಲಿ.
ನಮ್ಮ ವಂಶ ಮಾತ್ರ ಬಿದಿರು,
ಸಂಸ್ಕೃತದ ಮೇಷ್ಟ್ರು ಕಿಟಕಿಯಾಚೆ ಮೆಳೆ ತೋರಿಸಿ ಹೇಳಿದ್ದರು.
ಅದರ ಕಣಿಲೆಯನ್ನು ಆಟಿಯಲ್ಲಿ ನಾವು ಕದ್ದು ತಿಂದದ್ದು
ಅವರಿಗೆ ಗೊತ್ತಿರಲಿಲ್ಲ.

"ಅಗಸಿ ಏನ್ರಿ?" ಗದಗಿನ ನೀಲಗಂಗಾ ಟೀಚರು ಡಬ್ಬಿ ತೆರೆದರು.
"ಹಿಂಡಿ ಐತಿ, ತಗೋರಿ.
ನಮ್ಮ ಕಡೆ ಊರ ಬಾಗಿಲಿಗೂ ಅಗಸಿ ಅಂತಾರ್ರಿ."
ಹುರಿದ ಲ್ಯಾಟಿನ್ ಬೆಳ್ಳುಳ್ಳಿ ಖಾರದ ಜೊತೆ
ರೊಟ್ಟಿಯ ಮೇಲೆ ಕೂತಿತ್ತು.

ಅಗಿಯುತ್ತ ಅಗಿಯುತ್ತ ಅಮ್ಮ ನೆನಪಾದಳು.
ಪೊನ್ನಾತ, ಚೆಕ್‌ರೋಲಿನಲ್ಲಿ ನಲವತ್ತೊಂದು.
ಹೊಸ ರೊಬಸ್ಟಾ ಇಡುವ ವರ್ಷ
ಗುಂಡಿ ತೋಡುವುದಕ್ಕೆ ಮೊದಲು ಹಗ್ಗ ಹಿಡಿಯುವ ಕೆಲಸ ಅವಳದು.
ರೈಟರು ಗುಡ್ಡದ ಮೇಲಿಂದ ಕೂಗುವರು, ಲೈನ್ ನೋಡು, ಲೈನ್!
ಅಮ್ಮ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ
ಹಿಂದಕ್ಕೆ ವಾಲುವಳು,
ಗಂಡಸರು ಗೂಟ ಹೊಡೆದು ಮುಗಿಸುವವರೆಗೂ.
ರಾತ್ರಿ ಸೊಂಟದ ಮೇಲೆ ಕೆಂಪಗೆ ಒಂದು ಗೆರೆ.
ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವಳು ನಾನೇ.

ಎಲ್ಲ ಅರ್ಥಗಳೂ ಒಂದೇ ಮೈಮೇಲೆ ಇದ್ದವು.
ಹೆಬ್ಬೆಟ್ಟಿನ ಹೆಂಗಸು.
ದಾರದಿಂದ ಗೆರೆ ಹುಟ್ಟಿತೆಂದು
ಅವಳಿಗೆ ಯಾವ ನಿಘಂಟು ಹೇಳಬೇಕಿತ್ತು?

ಮರುದಿನ ಬಟ್ಟೆ ಒಣಗಿಸುವ ಹಗ್ಗ ತಂದೆ.
ಒಂದು ತುದಿ ಜುನ್‌ಮಣಿಗೆ ಕೊಟ್ಟು, ಎಳೆ ಅಂದೆ,
ನೋಡು, ಲೈನ್ ಹುಟ್ಟಿದ್ದು ಹೀಗೆ.
ಅವಳು ಎಳೆದಳು. ನೋಡಿದಳು. ತಲೆಯಾಡಿಸಿದಳು.
ಬೆಲ್ಲಾಯಿತು.
ನನ್ನ ಕೈಯ ತುದಿಯನ್ನೂ ಮೆಲ್ಲಗೆ ಬಿಡಿಸಿಕೊಂಡು
ಅಂಗಳಕ್ಕೆ ಓಡಿದಳು.
ಇಬ್ಬರು ಬೀಸಿದರು, ಅವಳು ನಡುವೆ ಹಾರಿದಳು;
ಹಗ್ಗ ಒಮ್ಮೆ ತಲೆಯ ಮೇಲೆ ಕಮಾನು,
ಒಮ್ಮೆ ಕಾಲಡಿಯಲ್ಲಿ ತೊಟ್ಟಿಲು.
ಒಂದು ಕ್ಷಣವೂ ನೆಟ್ಟಗೆ ನಿಲ್ಲಲಿಲ್ಲ.

ಹಾಜರಿ ಪುಸ್ತಕ ಇನ್ನೂ ಮೇಜಿನ ಮೇಲಿದೆ.
ಹೆಡ್‌ಮಿಸ್ ಹೇಳುತ್ತಾರೆ,
ಪೆನ್ಸಿಲ್ ಯಾಕೆ, ಇಂಕಿನಲ್ಲಿ ಬರೀರಿ.