ಐವತ್ತಕ್ಕೊಂದು

ಜಾಡಿಯಲ್ಲೇನು, ಅಂದ ಸುಂಕದ ಹುಡುಗ.
ಬಂಗುಡೆ, ಅಂದೆ. ಉಪ್ಪು ಹಾಕಿದ್ದು.
ಮೂಗು ಹಿಡಿದ; ಮುಚ್ಚಳ ತೆಗೆಸಲಿಲ್ಲ.
ಐವತ್ತಕ್ಕೊಂದು ಕೊಡು, ಅಂದ.

ಕೊಟ್ಟೆ.
ಈ ಸುಂಕ ಹೇರಿದವನೇ ಜಾಡಿಯೊಳಗಿದ್ದಾನೆ ಎಂದು
ಹೇಗೆ ಹೇಳಲಿ ಆ ಹುಡುಗನಿಗೆ?
ಬಂದರಿಗೆ ಬಂದದ್ದೆಲ್ಲದರಲ್ಲಿ ಒಂದು ಪಾಲು ಹಡಗಿಗೆ, ಎಂದು
ಸಭೆಯಲ್ಲಿ ಗಂಟಲು ಹರಿದುಕೊಂಡು ಗೆದ್ದವ,
ಫಾನೊಸ್ತ್ರಾತ, ಎವೆನೋರನ ಮಗ,
ಈಗ ನಾಲ್ಕು ಮೂಳೆ, ಒಂದು ದವಡೆ,
ಮೇಲೊಂದು ಚಾಪೆಯ ತುಂಡು, ಅದರ ಮೇಲೆ ಮೀನು.

ನಾನು ತಳಸಾಲಿನ ಹುಟ್ಟುಗಾರ.
ಮೇಲಿನೆರಡು ಸಾಲಿನ ಬೆವರು ನಮ್ಮ ನೆತ್ತಿಗೆ,
ನಮ್ಮದು ಹಡಗಿನ ಹೊಟ್ಟೆಗೆ.
ಯುದ್ಧ ನಾನು ಕಂಡಿಲ್ಲ.
ಕಂಡದ್ದು ಮುಂದಿನವನ ಬೆನ್ನು,
ಅಲ್ಲೊಂದು ಆಲಿವ್ ಬೀಜದಷ್ಟು ಮಚ್ಚೆ.
ಕೊಳಲಿನವ ಊದಿದ, ಎಳೆದೆವು.
ಕೊಳಲು ನಿಂತಿತು, ನಿಂತೆವು.
ಆಮೇಲೆ ಮರ ಸೀಳಿದ ಸದ್ದು, ನಮ್ಮದಲ್ಲ.
ಗೆದ್ದೆವಂತೆ.

ಅವನು ಒಳ್ಳೆಯವನೇ? ಗೊತ್ತಿಲ್ಲ.
ಎರಡು ತಿಂಗಳ ಕೂಲಿ ಬಾಕಿ ಇಟ್ಟ.
ದ್ವೀಪದವರ ಬೆಳ್ಳಿ ತಿಂದ ಅಂದರು, ತಿಂದಿರಬಹುದು.
ಒಂದು ರಾತ್ರಿ ಮಾತ್ರ, ಗಾಳಿಗೆ ಹೆದರಿ ದಡ ಹತ್ತಿದಾಗ
ನಮ್ಮ ಪಕ್ಕ ಕೂತು, ಬೆಳ್ಳುಳ್ಳಿ ಸುಲಿಯುತ್ತ ಕೇಳಿದ:
ಹುಟ್ಟಿನ ಕಿಂಡಿಯ ಚರ್ಮ ಸೋರುತ್ತದಾ?
ಬೆಳಿಗ್ಗೆ ಹೊಸ ಚರ್ಮ ಬಂತು, ಕೊಬ್ಬು ಸವರಿದ್ದು.
ಅಷ್ಟೇ.

ಹತ್ತನೇ ವರ್ಷ ಊರಿಗೆ ಅವನು ಸಾಕಾದ.
ಚೌಕದಲ್ಲಿ ಬೇಲಿ ಕಟ್ಟಿದರು. ಮಡಕೆಯ ಚೂರುಗಳಲ್ಲಿ
ಯಾರ ಹೆಸರು ಹೆಚ್ಚೋ ಅವ ಹೊರಗೆ.
ನಾನೂ ಗೀಚಿದೆ.
ಮಿರಿನ್ನೆ ನೆರೆಮನೆಯಿಂದ ಜವೆ ಸಾಲ ತಂದ ವಾರ ಅದು.
ನಮ್ಮದೇ ಬೋಗುಣಿ, ಅವಳೇ ಒಡೆದದ್ದು.
ಹೆಸರು ಉದ್ದ, ಚೂರು ಗಿಡ್ಡ,
ಕೊನೆಯಕ್ಷರ ಅಂಚಿನಾಚೆ ಬಿದ್ದುಹೋಯಿತು.
ಅದನ್ನೂ ಎಣಿಸಿದರು.

ಯಾರ ಮೇಲೆ ಹುಟ್ಟು ಹಾಕಿದೆವೋ ಅವರ ಅಂಗಳದಲ್ಲೇ
ಅಂಜೂರ ತಿನ್ನುತ್ತ ಮುದುಕನಾಗಿ ಸತ್ತ.
ಅಂಥವನಿಗೆ ಇಲ್ಲಿ ಮಣ್ಣಿಲ್ಲ, ಅಂತ ಕಲ್ಲಲ್ಲೇ ಕೆತ್ತಿದ್ದಾರೆ.
ಆಚೆ ದಡದಲ್ಲಿ ಮಗಳು ಜಾಡಿ ಕೈಗಿಟ್ಟಳು.
ನಾನೇ ಯಾಕೆ, ಅಂದೆ.
ಅಪ್ಪ ನಿನ್ನ ನೆನೆಯುತ್ತಿದ್ದ, ಅನ್ನುತ್ತಾಳೆಂದುಕೊಂಡೆ.
ಬೇರೆ ದೋಣಿ ಸಿಗಲಿಲ್ಲ, ಅಂದಳು.

ನಡುರಾತ್ರಿ, ಹಡಗುಗಳು ಮೂತಿ ತಿರುಗಿಸುವ ಬಂಡೆಯ ಬುಡದಲ್ಲಿ
ಮೊಣಕೈವರೆಗೆ ತೋಡಿದೆ. ಗುರುತು ಇಡಲಿಲ್ಲ.
ಚೂರಿನ ವಿಷಯ ಹೇಳಬೇಕೆನಿಸಿತು.
ಹೇಳಲಿಲ್ಲ. ಸತ್ತವರಿಗೆ ಓದಲು ಬರುತ್ತದೋ ಏನೋ.

ಬೆಳಗಾಗುವಾಗ ಹಡಗುಕಟ್ಟೆಯಲ್ಲಿ ಸುತ್ತಿಗೆ ಸದ್ದು,
ಹೊಸದೊಂದಕ್ಕೆ ಪಕ್ಕೆಲುಬು ಕೂರಿಸುತ್ತಿದ್ದರು.
ನನ್ನ ನಾಣ್ಯವೂ ಅಲ್ಲೆಲ್ಲೋ ಇರಬೇಕು.

ಮೀನು ಎಸೆಯಲು ಮನಸ್ಸಾಗಲಿಲ್ಲ, ಮನೆಗೆ ಒಯ್ದೆ.
ಮಿರಿನ್ನೆ ಸುಟ್ಟಳು, ಒಂದು ಚೂರು ಬಾಯಿಗಿಟ್ಟಳು.
ಉಪ್ಪು ಜಾಸ್ತಿ, ಅಂದಳು.