ರೊಟ್ಟಿಯ ಸನ್ನೆ

ಟಿಕೆಟ್ಟಿನ ಗೂಡು ಮುಚ್ಚಿತ್ತು. ಗೇಟಿಗೆ ಬೀಗವಿರಲಿಲ್ಲ.
ಮಾಡಿಲ್ಲದ ಮಠದಲ್ಲಿ ಕುರಿಗಳು ಮೊದಲೇ ಬಂದು ಕೂತಿದ್ದವು,
ಪೀಠವಿದ್ದೆಡೆ ಎರಡು, ಮೆಲುಕು ಹಾಕುತ್ತ.

ಮ್ಯೂರಿಯಲ್ ಥ್ವೇಟ್, ಎಪ್ಪತ್ತಾರು, ಮೊಣಕಾಲಿನವರೆಗೆ ರಬ್ಬರು ಬೂಟು,
ನನಗೆ ದಾರಿ ತೋರಿಸಲು ಬಂದವಳಲ್ಲ,
ತಪ್ಪಿಸಿಕೊಂಡ ಟಗರು ಹುಡುಕುತ್ತಿದ್ದಳು.
ಆದರೂ ಊರುಗೋಲಲ್ಲೇ ತೋರಿಸುತ್ತ ಹೇಳಿದಳು:
ಇದು ಮಲಗುವ ಮನೆ. ಇದು ಮೆಟ್ಟಿಲು,
ರಾತ್ರಿ ಎರಡಕ್ಕೆ ಎದ್ದು ಪ್ರಾರ್ಥನೆಗೆ ಇಳಿಯುತ್ತಿದ್ದರಂತೆ.
ಬೆಂಕಿ ಇದೊಂದೇ ಕೋಣೆಯಲ್ಲಿ, ಅದೂ ಚಳಿಗಾಲಕ್ಕೆ.

ಮೆಟ್ಟಿಲ ನಡು ಸವೆದು ಬೋಗುಣಿಯಾಗಿದೆ.
ನಿನ್ನೆಯ ಮಳೆ ಅದರಲ್ಲಿ, ಮಳೆಯಲ್ಲಿ ಒಂದು ಕಾಗೆಗರಿ.
ಕಾಲಿಟ್ಟೆ. ನನ್ನ ಹಿಮ್ಮಡಿಯ ಅಳತೆ ತೆಗೆದು ಕೊರೆದ ಹಾಗಿತ್ತು.

ಚಾವಣಿಯ ಸೀಸವನ್ನು ಅರಸನ ಆಳುಗಳು ಕರಗಿಸಿ ಒಯ್ದರು.
ಗಂಟೆ ಒಯ್ದರು. ಉಳಿದ ಕಲ್ಲು?
"ನಮ್ಮ ಹಂದಿಗೂಡು ನೋಡು," ಅಂದಳು,
"ಬಾಗಿಲಿಗೆ ಕಮಾನಿದೆ."

ಗೋಡೆಗೆ ಒರಗಿಸಿದ ಫಲಕದಲ್ಲಿ ಬಿಸಿಲಿಗೆ ಬಿಳಿಚಿದ ಚಿತ್ರ:
ಊಟದ ಮನೆಯಲ್ಲಿ ತುಟಿ ಬಿಚ್ಚುವಂತಿಲ್ಲ,
ಬೇಕಾದ್ದನ್ನು ಬೆರಳಲ್ಲೇ ಕೇಳಬೇಕು.
ಅಂಗೈಯನ್ನು ಬಾಲದಂತೆ ಆಡಿಸಿದರೆ ಮೀನು.
ಎರಡು ಹೆಬ್ಬೆರಳು, ಎರಡು ತೋರುಬೆರಳು
ಕೂಡಿಸಿ ದುಂಡಗೆ ಹಿಡಿದರೆ ರೊಟ್ಟಿ.
ದೇವರಿಗೆ ಯಾವ ಸನ್ನೆಯೋ, ಹುಡುಕಿದೆ,
ಬರೆದಿರಲಿಲ್ಲ.

ಟಗರು ಸಿಕ್ಕಿತು, ಅಡುಗೆಮನೆಯ ಒಲೆಗೂಡಿನಲ್ಲಿ,
ಕೊಂಬಿಗೆ ಬಳ್ಳಿ ಸುತ್ತಿಕೊಂಡು, ಪಟ್ಟ ಕಳಕೊಂಡ ಮಠಾಧಿಪತಿಯ ಹಾಗೆ.
ಎಳೆಯಲು ನನ್ನ ಕೈಯೂ ಬೇಕಾಯಿತು. ಅದಕ್ಕೇ ಚಹಾ.

ಅವಳ ಗಂಡ ವಿಲ್ಫ್ ನಲವತ್ತು ವರ್ಷ ಕಲ್ಲುಗಣಿಯಲ್ಲಿ
ಮದ್ದಿಗೆ ಬತ್ತಿ ಹಚ್ಚಿದವನು. ಕಿವಿ ಅಲ್ಲೇ ಬಿಟ್ಟು ಬಂದ.
ಯಂತ್ರ ಕೊಟ್ಟಿದ್ದಾರೆ, ಡ್ರಾಯರಿನಲ್ಲಿದೆ.
ನನ್ನತ್ತ ಒಮ್ಮೆ ತಲೆಯಾಡಿಸಿದ. ಆಮೇಲೆ ಮೇಜಿನಾಚೆಯವಳಿಗೆ
ಬಿರುಕುಬಿಟ್ಟ ಎರಡೂ ಕೈಯೆತ್ತಿ
ಬೆರಳಿಗೆ ಬೆರಳು ತಾಗಿಸಿ
ದುಂಡಗೆ ಹಿಡಿದ.

"ಆ ಫಲಕ ನೋಡಿ ಕಲಿತದ್ದಾ?" ಕೇಳಿದೆ.
"ಯಾವ ಫಲಕ?" ಅಂದಳು, ರೊಟ್ಟಿ ಕೊಯ್ಯುತ್ತ.
"ಅವನು ಅಲ್ಲಿಗೆ ಕಾಲಿಟ್ಟೇ ಇಲ್ಲ. ಟಿಕೆಟ್ಟು ದುಬಾರಿಯಂತೆ."

ಬೆಣ್ಣೆಗೂ ಒಂದಿತ್ತು. ಜಗಳಕ್ಕೂ ಇತ್ತು,
ಚಮಚದಲ್ಲಿ ಮೇಜು ಕುಟ್ಟುವುದು.
ನಾನು ಬಾಯಿ ಮುಚ್ಚಿಕೊಂಡು ತಿಂದೆ.
ಹೊರಗೆ, ಹಂದಿಗೂಡಿನ ಕಮಾನಿನಡಿ, ಟಗರು
ತೊಯ್ದ ಉಣ್ಣೆ ಕೊಡವಿತು.